ಕಾಡಂಚಿನ ಏಳನೇ ತರಗತಿಗೆ ವನ್ಯಜೀವಿ ಪಾಠ: ಒಂದು ಪ್ರಕರಣ ಅಧ್ಯಯನ

ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಬಂಡೀಪುರದ ಅಂಚಿಗೆ ಅಂಟಿಕೊಂಡಂತಿರುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಏಳನೇ ತರಗತಿಯನ್ನು ಇಲ್ಲಿ ಪ್ರಕರಣವಾಗಿ ತೆಗೆದುಕೊಂಡಿದೆ. ಮೂವತ್ತರ ಆಸುಪಾಸಿನಲ್ಲಿ ಮಕ್ಕಳು. ವಿಜ್ಞಾನಕ್ಕೂ ಗಣಿತಕ್ಕೂ ಒಬ್ಬರೇ ಮೇಷ್ಟ್ರು. ಶಾಲೆಯ ಹಿಂದೆ ಜೋಳದ ಹೊಲ, ಅದರಾಚೆ ಸೋಲಾರ್ ಬೇಲಿ, ಬೇಲಿಯಾಚೆ ಆನೆ ಕಂದಕ, ಆಮೇಲೆ ಕಾಡು. ಶಾಲೆಯ ಹೆಸರು ಮುಖ್ಯವಲ್ಲ. ಎಚ್.ಡಿ. ಕೋಟೆ, ಸರಗೂರು, ಹುಣಸೂರು ಕಡೆಯ ಕಾಡಂಚಿನ ಶಾಲೆಗಳಲ್ಲೂ ಪರಿಸ್ಥಿತಿ ಹೆಚ್ಚುಕಡಿಮೆ ಇದೇ.

"ಕಾಡನ್ನು ಏಕೆ ಉಳಿಸಬೇಕು?" ಎಂದು ಪರೀಕ್ಷೆಯಲ್ಲಿ ಕೇಳಿದರೆ ಈ ಮಕ್ಕಳೆಲ್ಲ ಸರಿಯುತ್ತರ ಬರೆಯುತ್ತಾರೆ: ಮಳೆ, ಆಮ್ಲಜನಕ, ಆಹಾರ ಸರಪಳಿ. ಬಿಸಿಯೂಟದ ಹೊತ್ತಿನಲ್ಲಿ ಅದೇ ಮಾತೆತ್ತಿದರೆ ಬರುವ ಉತ್ತರ ಬೇರೆ: "ನಿಮ್ ಆನೆ ನಮ್ ಜೋಳ ತಿಂದ್ ಹೋಯ್ತು ಸಾರ್." ಆನೆ ಅರಣ್ಯ ಇಲಾಖೆಯದು, ಜೋಳ ತಮ್ಮದು, ನಡುವೆ ಬೇಲಿ. ಹಳ್ಳಿಯಲ್ಲಿ ದೊಡ್ಡವರು ಆಡುವ ಮಾತನ್ನೇ ಮಕ್ಕಳೂ ಆಡುತ್ತಾರೆ. ನೋಟ್‌ಬುಕ್ಕಿನ ಉತ್ತರ ಮತ್ತು ಊಟದ ಹೊತ್ತಿನ ಉತ್ತರ ಎರಡನ್ನೂ ಒಂದೇ ತರಗತಿಯಲ್ಲಿ ಎದುರಾಬದುರು ಕೂರಿಸುವುದು ಹೇಗೆ ಎಂಬುದೇ ಈ ಪಾಠಸರಣಿಯ ಸಮಸ್ಯೆ.

ಸಾಮಾನ್ಯವಾಗಿ ನಡೆಯುವುದು ಇಷ್ಟು. ಅಕ್ಟೋಬರ್ 2ರಿಂದ 8ರವರೆಗೆ ವನ್ಯಜೀವಿ ಸಪ್ತಾಹ. ಅದು ಬಹುಪಾಲು ದಸರಾ ರಜೆಯೊಳಗೇ ಬೀಳುವುದರಿಂದ ರಜೆಗೆ ಮುಂಚೆಯೋ ಆಮೇಲೋ ಒಂದು ಚಿತ್ರ ಸ್ಪರ್ಧೆ, ಒಂದು ಭಾಷಣ ಸ್ಪರ್ಧೆ ಮುಗಿಸಿ ಪ್ರಮಾಣಪತ್ರ ಕೊಡುತ್ತಾರೆ. ಬಹುಮಾನ ಬಂದ ಚಿತ್ರದಲ್ಲಿ ಹುಲಿ ಅಳುತ್ತಿರುತ್ತದೆ, ಪಕ್ಕದಲ್ಲಿ ಕೊಡಲಿ ಹಿಡಿದ ಮನುಷ್ಯ. ಕೊಡಲಿ ಹಿಡಿದವನು ತನ್ನ ಅಪ್ಪನೇ ಇರಬೇಕು ಎಂದು ಮಗುವಿಗೆ ಅನ್ನಿಸಿದರೆ ಆ ಚಿತ್ರ ಏನು ಕಲಿಸಿದ ಹಾಗಾಯಿತು? ಪೇಟೆಯ ಮಕ್ಕಳಿಗೆ ಮಾಡಿದ ಪಾಠವನ್ನು ಕಾಡಂಚಿಗೆ ಹಾಗೇ ತಂದರೆ ಮೊದಲು ಎಡವುವುದು ಇಲ್ಲೇ.

ಹತ್ತರಿಂದ ಹದಿಮೂರು ವರ್ಷದ ಮಕ್ಕಳನ್ನೇ ಗುರಿಯಾಗಿಟ್ಟುಕೊಳ್ಳುವುದಕ್ಕೆ ಕಾರಣವಿದೆ. ಅವರಿಗೆ ಗುಣಾಕಾರ, ಭಾಗಾಕಾರ, ಶೇಕಡಾ ಬರುತ್ತದೆ. ಇನ್ನೊಬ್ಬರ ಪರವಾಗಿ ನಿಂತು ವಾದ ಮಾಡಬಲ್ಲರು. ಎಸ್ಸೆಸ್ಸೆಲ್ಸಿಯ ಒತ್ತಡ ಇನ್ನೂ ತಟ್ಟಿರುವುದಿಲ್ಲ. ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆ 2018ರಲ್ಲಿ ಶುರು ಮಾಡಿದ 'ವೈಲ್ಡ್ ಶಾಲೆ' ಕಾರ್ಯಕ್ರಮ ನಾಗರಹೊಳೆ, ಬಂಡೀಪುರದ ಸುತ್ತಲಿನ ಹಳ್ಳಿ ಶಾಲೆಗಳಲ್ಲಿ ಆಟ, ಚಿತ್ರ, ಕಥೆಗಳ ಮೂಲಕ ತಲುಪಿದ್ದೂ ಇದೇ ವಯಸ್ಸಿನವರನ್ನು.

ಯಾವಾಗ, ಎಷ್ಟು ಹೊತ್ತು

ಎರಡು ಪೀರಿಯಡ್ ಕೂಡಿಸಿದ ಆರು ತರಗತಿಗಳು, ಜೊತೆಗೆ ಒಂದು ಶನಿವಾರ. ಒಂದೇ ಪೀರಿಯಡ್‌ನಲ್ಲಿ ಚಟುವಟಿಕೆ ಮುಗಿಯುತ್ತದೆ, ಅದರ ಬಗ್ಗೆ ಮಾತಾಡುವ ಹೊತ್ತಿಗೆ ಗಂಟೆ ಹೊಡೆಯುತ್ತದೆ. ತಿಂಗಳಿಗೊಮ್ಮೆ ಬರುವ ಬ್ಯಾಗ್ ರಹಿತ ಸಂಭ್ರಮ ಶನಿವಾರವನ್ನು ಅತಿಥಿಗಳಿಗೆ ಇಟ್ಟುಕೊಂಡರೆ ವೇಳಾಪಟ್ಟಿ ಕೆಡುವುದಿಲ್ಲ.

ತಿಂಗಳು ಆರಿಸುವುದರಲ್ಲಿ ಎಚ್ಚರ ಬೇಕು. ರಾಗಿ, ಹುರುಳಿ ಬಲಿಯುವ ನವೆಂಬರ್, ಡಿಸೆಂಬರ್‌ನಲ್ಲಿ ಮನೆಯವರು ರಾತ್ರಿಯಿಡೀ ಹೊಲ ಕಾಯುತ್ತಾರೆ. ದೊಡ್ಡ ಹುಡುಗರು ಅಪ್ಪನ ಜೊತೆ ಅಟ್ಟಣೆಯಲ್ಲಿ ಕೂತು ಬೆಳಗ್ಗೆ ತರಗತಿಯಲ್ಲಿ ತೂಕಡಿಸುತ್ತಾರೆ. ಫೆಬ್ರವರಿ ಬಂತೆಂದರೆ ಇಲಾಖೆಯ ಸಿಬ್ಬಂದಿ ಕಾಳ್ಗಿಚ್ಚಿನ ಕಾವಲಿನಲ್ಲಿರುತ್ತಾರೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದ ಮೇಲೆ ಆ ತಿಂಗಳಲ್ಲಿ ಯಾರನ್ನೂ ಶಾಲೆಗೆ ಕರೆಯುವುದು ಕಷ್ಟ. ಜುಲೈ, ಆಗಸ್ಟ್ ಉಳಿದುದರಲ್ಲಿ ವಾಸಿ. ಶುರು ಮಾಡುವ ಮುಂಚೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಒಂದು ಮಾತು ಹೇಳಿಬಿಡಬೇಕು. ಇಲ್ಲದಿದ್ದರೆ ಮಗ ಮನೆಗೆ ಹೋಗಿ "ಆನೆ ಬಗ್ಗೆ ಪಾಠ" ಅಂದ ಕೂಡಲೇ "ಇಲಾಖೆಯವರ ಕಡೆ ಸೇರ್ಕೊಂಡ್ರಾ ಮೇಷ್ಟ್ರು?" ಎಂಬ ಪ್ರಶ್ನೆ ಬರುತ್ತದೆ.

ಮೊದಲ ತರಗತಿ: ಒಂದು ಗುಂಟೆ

ಮೊದಲ ದಿನ ಹುಲಿಯ ಮಾತಿಲ್ಲ. ಮೂವತ್ತಮೂರು ಅಡಿ ಉದ್ದದ ಹಗ್ಗ, ನಾಲ್ಕು ಗೂಟ, ಒಂದಿಷ್ಟು ಸುಣ್ಣದ ಪುಡಿ. ಶಾಲೆಯ ಅಂಗಳದಲ್ಲಿ 33 ಅಡಿ ಉದ್ದ, 33 ಅಡಿ ಅಗಲದ ಚೌಕ ಹಾಕಿಸಿದರೆ ಅದೇ ಒಂದು ಗುಂಟೆ, 1,089 ಚದರಡಿ. ನಲವತ್ತು ಗುಂಟೆಗೆ ಒಂದು ಎಕರೆ ಎಂಬುದು ಮಕ್ಕಳಿಗೆ ಮನೆಯಲ್ಲೇ ಗೊತ್ತು. ಆದರೆ ಒಂದು ಗುಂಟೆ ಕಣ್ಣಿಗೆ ಎಷ್ಟು ಕಾಣುತ್ತದೆ ಎಂದು ಕೇಳಿದರೆ ಒಬ್ಬೊಬ್ಬರೂ ಒಂದೊಂದು ತೋರಿಸುತ್ತಾರೆ.

ಪ್ರತಿ ಮಗುವೂ ಚೌಕದ ಒಂದು ಬದಿಯನ್ನು ತನ್ನ ಮಾಮೂಲಿ ಹೆಜ್ಜೆಯಲ್ಲಿ ನಡೆದು ಎಣಿಸಿ ಬರೆದುಕೊಳ್ಳಬೇಕು. ಹನ್ನೆರಡು ವರ್ಷದ ಮಗುವಿಗೆ ಹದಿನೈದರಿಂದ ಹದಿನೆಂಟು ಹೆಜ್ಜೆ ಆಗುವುದು ಸಾಮಾನ್ಯ. ಅಲ್ಲಿಗೆ ಆ ಮಗುವಿನ ಕಾಲೇ ಅಳತೆಗೋಲಾಯಿತು. ಮುಂದಿನ ಕೆಲಸ ಚೌಕದೊಳಗೆ. ಮೇಷ್ಟ್ರು ಸುಣ್ಣದಲ್ಲಿ ವಕ್ರವಕ್ರವಾಗಿ ಒಂದು ಪಟ್ಟಿ ಎಳೆದು "ಆನೆ ಇಲ್ಲಿಂದ ನುಗ್ಗಿ ಅಲ್ಲಿ ಹೊರಬಿತ್ತು, ಎಷ್ಟು ಬೆಳೆ ಹೋಯಿತು?" ಎಂದು ಕೇಳುತ್ತಾರೆ. ಮೊದಲು ಕಣ್ಣಂದಾಜು ಬರೆಯಬೇಕು, ಆಮೇಲೆ ಹೆಜ್ಜೆಯಿಂದ ಅಳೆಯಬೇಕು. ಕಣ್ಣಂದಾಜು ಬಹುತೇಕ ಹೆಚ್ಚೇ ಇರುತ್ತದೆ, ಯಾಕೆಂದರೆ ತುಳಿದ ಜಾಗದ ಸುತ್ತ ಬಾಗಿದ್ದನ್ನೂ ಕಣ್ಣು ಲೆಕ್ಕಕ್ಕೆ ಹಿಡಿಯುತ್ತದೆ. ಬಾಗಿದ ಜೋಳ ಎದ್ದು ನಿಲ್ಲಬಹುದು, ಮುರಿದದ್ದು ಏಳುವುದಿಲ್ಲ. ಎರಡನ್ನೂ ಬೇರೆ ಬೇರೆ ಬರೆಯಿಸಿ.

ಇಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಹಗ್ಗ ನೆನೆದರೆ ಕುಗ್ಗುತ್ತದೆ, ಎಳೆದರೆ ಹಿಗ್ಗುತ್ತದೆ. ಹಾಗಾಗಿ ಟೇಪಿನಿಂದ ಅಳೆದು ಗಂಟು ಹಾಕಿದ ಹಗ್ಗ ಲೇಸು, ಅದೂ ಒಣಗಿದ್ದಾಗ. ಇನ್ನೊಂದು, ಮೂಲೆಗಳು ಲಂಬವಾಗಿರದಿದ್ದರೆ ಚೌಕ ವಜ್ರಾಕಾರವಾಗಿ ವಿಸ್ತೀರ್ಣ ಕಡಿಮೆಯಾಗುತ್ತದೆ. ಎರಡು ಕರ್ಣ ಅಳೆದು ಸಮ ಬಂದರೆ ಮೂಲೆ ಸರಿ ಎಂದರ್ಥ.

ಎರಡನೇ ತರಗತಿ ಇದರ ಮುಂದುವರಿಕೆ: ಪರಿಹಾರದ ಅರ್ಜಿ. ಮೇಷ್ಟ್ರು ಒಂದು ಮಾದರಿ ನಮೂನೆ ಬರೆದು ಕೊಡುತ್ತಾರೆ. ಸರ್ವೆ ನಂಬರು, ಬೆಳೆ, ಹಾನಿಯಾದ ಗುಂಟೆ, ತಾರೀಖು, ಯಾವ ಪ್ರಾಣಿ, ಏನು ಸಾಕ್ಷಿ, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ. ಮಕ್ಕಳು ಹಿಂದಿನ ದಿನದ ಸುಣ್ಣದ ಪಟ್ಟಿಯನ್ನೇ ಹಾನಿಯೆಂದಿಟ್ಟುಕೊಂಡು ತುಂಬುತ್ತಾರೆ. ಆಗ ನಿಜವಾದ ತೊಡಕುಗಳು ತಾವಾಗಿಯೇ ಹೊರಬರುತ್ತವೆ. ಪಹಣಿ ಇನ್ನೂ ತೀರಿಕೊಂಡ ತಾತನ ಹೆಸರಿನಲ್ಲಿದೆ, ಪೌತಿ ಖಾತೆ ಆಗಿಲ್ಲ. ಹೊಲ ಗುತ್ತಿಗೆಗೆ ಮಾಡಿದ್ದು, ಪಹಣಿ ಇನ್ಯಾರದ್ದೋ. ಬೆಳಗ್ಗೆ ಎದ್ದ ಕೂಡಲೇ ಬೇಸರಕ್ಕೆ ಹೊಲ ಉತ್ತುಬಿಟ್ಟರು, ಸ್ಥಳ ಮಹಜರಿಗೆ ಬಂದವರಿಗೆ ಕಾಣಲು ಏನೂ ಉಳಿದಿಲ್ಲ. ಹೆಜ್ಜೆ ಗುರುತಿನ ಪಕ್ಕ ಒಂದು ಪೆನ್ನೋ ಚಪ್ಪಲಿಯೋ ಇಟ್ಟು ಫೋಟೊ ತೆಗೆಯಬೇಕು, ಆಮೇಲೆ ಉಳಿದ ಕೆಲಸ ಎಂಬುದನ್ನು ಮಕ್ಕಳು ಅದೇ ಸಂಜೆ ಮನೆಗೆ ಒಯ್ಯುತ್ತಾರೆ. ಈ ಪಾಠಸರಣಿ ಪೋಷಕರ ವಿಶ್ವಾಸ ಗಳಿಸುವುದು ಈ ತರಗತಿಯಿಂದಲೇ. ಉಳಿದವಕ್ಕೆ ಸಮಯ ಸಾಲದಿದ್ದರೂ ಇದನ್ನು ಬಿಡಬಾರದು.

ತರಗತಿಯ ಕೊನೆಯ ಹತ್ತು ನಿಮಿಷ ಒಂದು ಪ್ರಶ್ನೆಗೆ: ಈ ಕಾಗದ ಯಾರ ಯಾರ ಕೈ ದಾಟುತ್ತದೆ? ಗಸ್ತು ಅರಣ್ಯ ಪಾಲಕ, ಉಪ ವಲಯ ಅರಣ್ಯಾಧಿಕಾರಿ, ವಲಯ ಅರಣ್ಯಾಧಿಕಾರಿ, ಗ್ರಾಮ ಆಡಳಿತ ಅಧಿಕಾರಿ. ರೈತರಿಗೆ ಅರ್ಜಿ ಹಾಕಲು ನೆರವಾಗುವ ಹೊರಗಿನವರೂ ಇದ್ದಾರೆ. 2015ರಿಂದ ಬಂಡೀಪುರ, ನಾಗರಹೊಳೆ ಸುತ್ತ ನಡೆಯುತ್ತಿರುವ 'ವೈಲ್ಡ್ ಸೇವೆ'ಯ ಕೆಲಸವೇ ಅದು. ಮೋಟರ್ ಬೈಕು, ಮೊಬೈಲು, ನಕ್ಷೆ ಹಿಡಿದು ಊರೂರು ತಿರುಗುವುದೂ ವನ್ಯಜೀವಿ ಸಂರಕ್ಷಣೆಯ ಉದ್ಯೋಗವೇ ಎಂಬುದು ಮಕ್ಕಳಿಗೆ ಹೊಸ ವಿಷಯ. ಹೀಗೆ ಪ್ರತಿ ತರಗತಿಯೂ "ಈ ಕೆಲಸಕ್ಕೆ ಸಂಬಳ ಪಡೆಯುವವರು ಯಾರು?" ಎಂಬ ಪ್ರಶ್ನೆಯಲ್ಲಿ ಮುಗಿಯುತ್ತದೆ. ಉದ್ಯೋಗದ ಪಾಠವನ್ನು ಕೊನೆಗೆ ಒಂದೇ ದಿನ ಸುರಿದರೆ ಅದು ಹುದ್ದೆಗಳ ಪಟ್ಟಿಯಾಗುತ್ತದೆ, ಮಕ್ಕಳು ಬರೆದುಕೊಂಡು ಮರೆಯುತ್ತಾರೆ.

ಮೂರನೇ ತರಗತಿ: ಹೆಜ್ಜೆ

ಶಾಲೆಯ ಅಂಗಳದಲ್ಲೇ ಒಂದು ಮೀಟರ್ ಚೌಕದ ಜಾಗ ಅಗೆದು, ಜರಡಿ ಹಿಡಿದ ಮಣ್ಣು ಹರಡಿ, ನೀರು ಚಿಮುಕಿಸಿ ಸಂಜೆ ಬಿಟ್ಟರೆ ಬೆಳಗ್ಗೆ ನಾಯಿ, ಬೆಕ್ಕು, ಕೋಳಿ, ಕಾಗೆಯ ಹೆಜ್ಜೆ ಸಿಗುತ್ತವೆ. ಅಷ್ಟೇ ಸಾಕು. ಹೆಜ್ಜೆ ಹುಡುಕಲು ಮಕ್ಕಳನ್ನು ಕಂದಕದ ಕಡೆಗೆ ಕರೆದೊಯ್ಯಬಾರದು. ರಾಷ್ಟ್ರೀಯ ಉದ್ಯಾನದೊಳಗಿಂದ ಅನುಮತಿಯಿಲ್ಲದೆ ಏನನ್ನೂ ತರುವಂತಿಲ್ಲ ಎನ್ನುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮಾತೂ ಹೌದು.

ನಾಯಿಯ ಹೆಜ್ಜೆಯಲ್ಲಿ ಉಗುರಿನ ಗುರುತು ಮೂಡುತ್ತದೆ, ಬೆಕ್ಕಿನದರಲ್ಲಿ ಮೂಡುವುದಿಲ್ಲ. ಚಿರತೆ, ಹುಲಿಗೂ ಇದೇ ನಿಯಮ. "ನಮ್ಮೂರಿಗೆ ಚಿರತೆ ಬಂತು" ಎಂಬ ಗುಲ್ಲಿನಲ್ಲಿ ಎಷ್ಟು ಪಾಲು ದೊಡ್ಡ ನಾಯಿಗಳದು ಎಂಬ ಚರ್ಚೆ ಇಲ್ಲಿ ತಾನಾಗಿ ಏಳುತ್ತದೆ. ಅಚ್ಚು ತೆಗೆಯಲು ಹೆಜ್ಜೆಯ ಸುತ್ತ ನಾಲ್ಕೈದು ಸೆಂ.ಮೀ. ಎತ್ತರದ ರಟ್ಟಿನ ಬಳೆ ನಿಲ್ಲಿಸಿ, ಎರಡು ಲೋಟ ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ಒಂದು ಲೋಟ ನೀರಿನ ಲೆಕ್ಕದಲ್ಲಿ ಕಲಸಿ ಅಂಚಿನಿಂದ ಹರಿಯಬಿಡಬೇಕು. ನೀರಿಗೆ ಪುಡಿ ಹಾಕಬೇಕೇ ಹೊರತು ಪುಡಿಗೆ ನೀರಲ್ಲ, ಇಲ್ಲದಿದ್ದರೆ ಗಂಟು ಕಟ್ಟುತ್ತದೆ. ಅರ್ಧ ಗಂಟೆ ಮುಟ್ಟಬಾರದು. ಅಂಗಡಿಯಲ್ಲಿ ತಿಂಗಳುಗಟ್ಟಲೆ ತೆರೆದಿಟ್ಟು ತೇವ ಹೀರಿದ ಪುಡಿ ಗಟ್ಟಿಯಾಗುವುದೇ ಇಲ್ಲ. ಹಾಗಾಗಿ ಹಿಂದಿನ ದಿನ ಒಂದು ಚಮಚ ಕಲಸಿ ನೋಡಬೇಕು. ಗಟ್ಟಿಯಾಗುವಾಗ ಅದು ಚೆನ್ನಾಗಿ ಬಿಸಿಯೇರುತ್ತದೆ. ತಮಾಷೆಗೆ ಕೈ ಅದ್ದಿದರೆ ಸುಟ್ಟೀತು, ಇದನ್ನು ಮೊದಲೇ ಗಟ್ಟಿಯಾಗಿ ಹೇಳಬೇಕು.

ಮಕ್ಕಳಿಗೆ ಎಲ್ಲಕ್ಕಿಂತ ಹಿಡಿಸುವುದು ಆನೆಯ ಲೆಕ್ಕ. ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಸುಮಾರಾಗಿ ಭುಜದ ಎತ್ತರ ಸಿಗುತ್ತದೆ. 120 ಸೆಂ.ಮೀ. ದಾರವನ್ನು ನೆಲದ ಮೇಲೆ ದುಂಡಗೆ ಹಾಸಿ, ಅದರ ದುಪ್ಪಟ್ಟನ್ನು ಗೋಡೆಯ ಮೇಲೆ ಗುರುತಿಸಿದರೆ 240 ಸೆಂ.ಮೀ., ಬಾಗಿಲಿಗಿಂತ ಎತ್ತರ. ಹಿಂಗಾಲಿನ ಹೆಜ್ಜೆ ಉದ್ದುದ್ದ, ಮುಂಗಾಲಿನದು ದುಂಡಗೆ. ಹಿಂಗಾಲನ್ನು ಅಳೆದರೆ ಲೆಕ್ಕ ಕೆಡುತ್ತದೆ. ಕೆಸರಿನಲ್ಲಿ ಹೆಜ್ಜೆ ಅಗಲಕ್ಕೆ ಹರಡಿ ಮರಿಯಾನೆಯೂ ಸಲಗವಾಗಿಬಿಡುತ್ತದೆ.

ನಾಲ್ಕನೇ ಮತ್ತು ಐದನೇ ತರಗತಿ: ಎಣಿಸದೆ ಎಣಿಸುವುದು

2022ರ ಅಂದಾಜಿನಂತೆ ಕರ್ನಾಟಕದಲ್ಲಿ 563 ಹುಲಿಗಳು. ಈ ಸಂಖ್ಯೆ ಹೇಳಿದರೆ ಮಕ್ಕಳ ಮೊದಲ ಪ್ರಶ್ನೆ: "ಯಾರು ಸಾರ್ ಎಣಿಸಿದ್ದು?" ಅದಕ್ಕೆ ಉತ್ತರ ಒಂದಿಷ್ಟು ಹುಣಸೆ ಬೀಜದಲ್ಲಿದೆ.

ಐದೈದು ಮಕ್ಕಳ ಗುಂಪಿಗೆ ಒಂದೊಂದು ಬಟ್ಟೆ ಚೀಲ. ಒಳಗೆ ಮೇಷ್ಟ್ರು ಮೊದಲೇ ಎಣಿಸಿ ಹಾಕಿದ 200 ಬೀಜ, ಮಕ್ಕಳಿಗೆ ಸಂಖ್ಯೆ ಗೊತ್ತಿಲ್ಲ. ನೋಡದೆ 40 ಬೀಜ ತೆಗೆದು, ಬಿಳಿ ವೈಟ್ನರ್ ಚುಕ್ಕೆ ಇಟ್ಟು, ಒಣಗಿದ ಮೇಲೆ ಚೀಲಕ್ಕೆ ಹಾಕಿ ಚೆನ್ನಾಗಿ ಕಲಸಬೇಕು. ಮತ್ತೆ ನೋಡದೆ 50 ತೆಗೆದು ಅದರಲ್ಲಿ ಚುಕ್ಕೆಯವು ಎಷ್ಟು ಎಂದು ನೋಡಬೇಕು. ಹತ್ತು ಸಿಕ್ಕರೆ 40ನ್ನು 50ರಿಂದ ಗುಣಿಸಿ 10ರಿಂದ ಭಾಗಿಸಿದಾಗ 200. ಎಂಟೇ ಸಿಕ್ಕರೆ 250, ಹನ್ನೆರಡು ಸಿಕ್ಕರೆ 167. ಎಲ್ಲ ಗುಂಪುಗಳ ಉತ್ತರವನ್ನೂ ಬೋರ್ಡಿನ ಮೇಲೆ ಬರೆಯಿಸಿ, ಯಾವುದನ್ನೂ ತಪ್ಪೆನ್ನಬೇಡಿ. ಇಡೀ ದೇಶದ 2022ರ ಹುಲಿ ಅಂದಾಜು ಕೂಡ 3,167ರಿಂದ 3,925ರ ನಡುವೆ ಎಂದೇ ಇದೆ, ಪತ್ರಿಕೆಯಲ್ಲಿ ಬರುವ 3,682 ಸರಾಸರಿ ಅಂದಾಜು ಎಂದು ಆಗ ಹೇಳಿದರೆ ಮಕ್ಕಳು ತಲೆದೂಗುತ್ತಾರೆ. ಅದಕ್ಕೆ ಮುಂಚೆ ಹೇಳಿದರೆ ತಲೆಗೆ ಹತ್ತುವುದಿಲ್ಲ.

ಕೆಡುವುದು ಎಲ್ಲಿ? ಕಲಸುವುದು ಸಾಲದೆ ಚುಕ್ಕೆಯ ಬೀಜಗಳು ಮೇಲೆಯೇ ಉಳಿದರೆ ಅವೇ ಹೆಚ್ಚು ಸಿಕ್ಕಿ ಅಂದಾಜು ಕುಸಿಯುತ್ತದೆ. ಬಣ್ಣ ದಪ್ಪಗಾದರೆ ಬೆರಳಿಗೇ ತಿಳಿಯುತ್ತದೆ, ಜಾಣ ಮಕ್ಕಳು ಅವನ್ನೇ ಆರಿಸುತ್ತಾರೆ. ಹತ್ತು ಹತ್ತು ಬೀಜ ತೆಗೆದರೆ ಚುಕ್ಕೆಯದು ಒಂದೂ ಬಾರದೆ ಸೊನ್ನೆಯಿಂದ ಭಾಗಿಸುವ ಪೇಚು. ಈ ತಪ್ಪುಗಳನ್ನು ಮುಂಚೆಯೇ ತಡೆಯಬೇಡಿ, ಆಗಲಿ. ಒಮ್ಮೆ ಸೆರೆಸಿಕ್ಕ ಪ್ರಾಣಿ ಮತ್ತೆ ಅದೇ ದಾರಿಗೆ ಬಾರದಿದ್ದರೆ ಲೆಕ್ಕ ಏನಾಗುತ್ತದೆ ಎಂಬ ನಿಜವಾದ ವಿಜ್ಞಾನದ ಪ್ರಶ್ನೆ ಹುಟ್ಟುವುದು ಅಲ್ಲಿಂದ.

ಹುಲಿಗೆ ವೈಟ್ನರ್ ಬೇಕಿಲ್ಲ, ಪಟ್ಟೆಯೇ ಗುರುತು. ನಾಗರಹೊಳೆಯಲ್ಲಿ ಹುಲಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು 1990ರ ದಶಕದಲ್ಲಿ, ಪ್ರಾಣಿ ಹಾದಾಗ ತಾನೇ ಫೋಟೊ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಬಳಸಿ ಇದೇ ಲೆಕ್ಕವನ್ನು ಹುಲಿಗೆ ಹೊಂದಿಸಿದರು. ಸರಣಿಯ ಐದನೇ ತರಗತಿಗೆ ಎಂಟು ಹತ್ತು ಹುಲಿ ಚಿತ್ರಗಳ ಕಪ್ಪುಬಿಳುಪು ಪ್ರತಿ ಸಾಕು, ಕೆಲವು ಒಂದೇ ಹುಲಿಯ ಎರಡು ಫೋಟೊ ಆಗಿರಲಿ. ಒಂದು ಹುಲಿಯ ಎಡ ಮೈ ಮತ್ತು ಬಲ ಮೈಯ ಚಿತ್ರವನ್ನೂ ಬೇಕೆಂದೇ ಸೇರಿಸಬೇಕು. ಎರಡೂ ಕಡೆಯ ಪಟ್ಟೆ ಬೇರೆ ಬೇರೆ ಇರುವುದರಿಂದ ಮಕ್ಕಳು ಒಂದನ್ನು ಎರಡೆಂದು ಎಣಿಸುತ್ತಾರೆ. ದಾರಿಯ ಎರಡೂ ಬದಿ ಎದುರಾಬದುರು, ಮೊಣಕಾಲೆತ್ತರಕ್ಕೆ ಕ್ಯಾಮೆರಾ ಕಟ್ಟುವುದು ಯಾಕೆ ಎಂದು ಆಗ ವಿವರಿಸುವುದೇ ಬೇಕಾಗುವುದಿಲ್ಲ. ಆ ಕ್ಯಾಮೆರಾ ಕಟ್ಟುವವರಲ್ಲಿ, ದಾರಿ ತೋರಿಸುವವರಲ್ಲಿ ಹಾಡಿಯ (ಬುಡಕಟ್ಟು ಜನರ ಕೇರಿಯ) ಜೇನುಕುರುಬರು, ಬೆಟ್ಟಕುರುಬರು ಇರುತ್ತಾರೆ. ಕಾಡಿನಿಂದ ಹೊರಬಂದ ಮನೆತನಗಳ ಮಕ್ಕಳೂ ಇದೇ ತರಗತಿಯಲ್ಲಿ ಕೂತಿರಬಹುದು. ಅವರ ಅಜ್ಜನ ಜ್ಞಾನವನ್ನು ಗೌರವದಿಂದ ಹೆಸರಿಸಬೇಕು, ಆದರೆ "ನೀನು ಹಾಡಿಯವನಲ್ವಾ, ನೀನೇ ಹೇಳು" ಎಂದು ಎಬ್ಬಿಸಿ ನಿಲ್ಲಿಸಬಾರದು.

ಆರನೇ ತರಗತಿ: ರಾತ್ರಿ ರಸ್ತೆ

ಬಂಡೀಪುರದ ಮೂಲಕ ಕೇರಳಕ್ಕೆ ಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಆಂಬುಲೆನ್ಸ್‌ನಂತಹ ತುರ್ತು ವಾಹನ, ಕೆಲವೇ ಬಸ್ಸುಗಳಿಗೆ ವಿನಾಯಿತಿ. ಈ ನಿರ್ಬಂಧ ಇರಬೇಕೇ ಬೇಡವೇ ಎಂದು ಮಕ್ಕಳಿಗೆ ಪಾತ್ರಚೀಟಿ ಹಂಚಿ ವಾದಕ್ಕೆ ಬಿಡಬಹುದು. ಅಪಾಯ ಒಂದೇ: ಐದು ನಿಮಿಷದಲ್ಲಿ ಅದು ಕರ್ನಾಟಕ, ಕೇರಳದ ಜಗಳವಾಗುತ್ತದೆ. ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಕಳಿಸುವ ನಮ್ಮದೇ ರೈತನ ಪಾತ್ರವನ್ನೂ, ರಾತ್ರಿ ಗಸ್ತಿನ ಅರಣ್ಯ ಪಾಲಕನ ಪಾತ್ರವನ್ನೂ ಇಟ್ಟರೆ ಜಗಳ ರಾಜ್ಯಗಳದ್ದಾಗದೆ ಹೊಟ್ಟೆಪಾಡಿನದ್ದಾಗುತ್ತದೆ. ಅರ್ಧ ಹೊತ್ತಿಗೆ ಚೀಟಿ ಅದಲುಬದಲು ಮಾಡಿಸಿ, ಎದುರಾಳಿಯ ವಾದವನ್ನೇ ಆಡಿಸಬೇಕು. ತೀರ್ಪು ಹೇಳುವ ಅಗತ್ಯವಿಲ್ಲ.

ಶನಿವಾರ: ಅತಿಥಿಗಳು

ಒಬ್ಬ ದೊಡ್ಡ ಅಧಿಕಾರಿಯನ್ನು ಕರೆದರೆ ಹಾರ, ಭಾಷಣ, ಚಪ್ಪಾಳೆಯಲ್ಲಿ ಬೆಳಗು ಕಳೆಯುತ್ತದೆ. ನಾಲ್ಕು ಜನ ಬೇಕು, ಬೇರೆ ಬೇರೆ ಮೆಟ್ಟಿಲಿನವರು: ಒಬ್ಬ ವಾಚರ್ (ಅರಣ್ಯ ವೀಕ್ಷಕ), ಸಾಧ್ಯವಾದರೆ ಒಬ್ಬ ಮಹಿಳಾ ಉಪ ವಲಯ ಅರಣ್ಯಾಧಿಕಾರಿ, ಸಾಕಾನೆ ಶಿಬಿರದ ಮಾವುತ ಅಥವಾ ಅವನ ಸಹಾಯಕ ಕಾವಾಡಿ, ಸಫಾರಿಯ ಗೈಡ್ ಅಥವಾ ಪಶುವೈದ್ಯ. ಒಬ್ಬೊಬ್ಬರ ಸುತ್ತ ಏಳೆಂಟು ಮಕ್ಕಳು, ಹದಿನೈದು ನಿಮಿಷಕ್ಕೆ ಗುಂಪು ಬದಲು. ಮಕ್ಕಳ ಮೊದಲ ಪ್ರಶ್ನೆ ಒಂದೇ ಇರಲಿ: "ನಿನ್ನೆ ಬೆಳಗ್ಗೆ ಎದ್ದಾಗಿಂದ ಏನೇನು ಮಾಡಿದ್ರಿ?" ಇದಕ್ಕೆ ಭಾಷಣದಲ್ಲಿ ಉತ್ತರಿಸಲು ಬರುವುದಿಲ್ಲ. ಸಂಬಳವನ್ನೂ ಮಕ್ಕಳು ಕೇಳಿಯೇ ಕೇಳುತ್ತಾರೆ. ಕಾಯಂ ನೌಕರಿಗೂ ದಿನಗೂಲಿ, ಹೊರಗುತ್ತಿಗೆಗೂ ಇರುವ ಅಂತರ ಮುಚ್ಚಿಡಬೇಡಿ ಎಂದು ಅತಿಥಿಗಳಿಗೆ ಮೊದಲೇ ತಿಳಿಸಿರಬೇಕು.

ಇನ್ನೊಂದು ಸೂಕ್ಷ್ಮ. ವಾಚರ್ ಒಬ್ಬರ ಮಗಳು ಮತ್ತು ಆ ವಾಚರ್ ಜೊತೆ ಕಳೆದ ವಾರ ಜಗಳವಾಡಿದ ರೈತನ ಮಗ ಒಂದೇ ಬೆಂಚಿನಲ್ಲಿರುತ್ತಾರೆ. ಅದೇ ಊರಿನ ವಾಚರ್ ಬದಲು ಪಕ್ಕದ ವಲಯದವರನ್ನು ಕರೆಯುವುದು ಒಳ್ಳೆಯದು. ಅರಣ್ಯ ಇಲಾಖೆಯ 'ಚಿಣ್ಣರ ವನ ದರ್ಶನ'ಕ್ಕೆ ಶಾಲೆ ಆಯ್ಕೆಯಾದರೆ ಅದನ್ನು ಈ ಶನಿವಾರದ ನಂತರ ಇಟ್ಟುಕೊಳ್ಳಿ. ಆಗ ಮಕ್ಕಳು ಕಾಡಿನಲ್ಲಿ ಪ್ರಾಣಿಯಷ್ಟೇ ಕೆಲಸಗಾರರನ್ನೂ ನೋಡುತ್ತಾರೆ.

ಗೋಡೆಗೆ ಒಂದು ಏಣಿಯ ಚಿತ್ರ. ಎಸ್ಸೆಸ್ಸೆಲ್ಸಿಯ ಮೆಟ್ಟಿಲಿನಲ್ಲಿ ಅರಣ್ಯ ವೀಕ್ಷಕ, ಪಿಯುಸಿಯಲ್ಲಿ ಗಸ್ತು ಅರಣ್ಯ ಪಾಲಕ, ಎರಡಕ್ಕೂ ದೈಹಿಕ ಪರೀಕ್ಷೆ ಉಂಟು. ಜೀವಶಾಸ್ತ್ರ ಓದಿದ ಪಿಯುಸಿಯಿಂದ ಒಂದು ಕವಲು ಶಿರಸಿ ಅಥವಾ ಪೊನ್ನಂಪೇಟೆಯ ಅರಣ್ಯ ಕಾಲೇಜಿನ ನಾಲ್ಕು ವರ್ಷದ ಪದವಿಗೆ, ಇನ್ನೊಂದು ಪಶುವೈದ್ಯಕೀಯಕ್ಕೆ. ವಲಯ ಅರಣ್ಯಾಧಿಕಾರಿ, ಐಎಫ್‌ಎಸ್‌ (ಭಾರತೀಯ ಅರಣ್ಯ ಸೇವೆ) ಅದಕ್ಕೂ ಮೇಲೆ. ಸಂಶೋಧನೆಗೆ ಬೆಂಗಳೂರಿನ ಜೀವವಿಜ್ಞಾನ ಕೇಂದ್ರವಾದ ಎನ್‌ಸಿಬಿಎಸ್, ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ. ಪಿಯುಸಿಯಲ್ಲಿ ಕಲಾ ವಿಭಾಗ ಹಿಡಿದರೆ ಅರಣ್ಯ ಪದವಿ, ಪಶುವೈದ್ಯಕೀಯದ ಬಾಗಿಲು ಮುಚ್ಚುತ್ತದೆ, ಆದರೆ ಗಸ್ತು ಅರಣ್ಯ ಪಾಲಕ, ಗೈಡ್, ವಕೀಲ, ಪತ್ರಕರ್ತ, ಛಾಯಾಗ್ರಾಹಕರ ದಾರಿ ತೆರೆದೇ ಇರುತ್ತದೆ. ಏಣಿಯ ಹೊರಗೂ ಹೆಸರುಗಳಿರಲಿ: ಸೋಲಾರ್ ಬೇಲಿ ರಿಪೇರಿ ಮಾಡುವವರು, ಮಲೆ ಮಹದೇಶ್ವರ ಬೆಟ್ಟದಲ್ಲಿ ಲಂಟಾನ ಎಂಬ ಕಳೆಗಿಡದಿಂದ ಪೀಠೋಪಕರಣ ಹೆಣೆಯುವವರು, ಸರ್ಕಾರದ ಕಾಡು ವಸತಿ ಸಂಸ್ಥೆ ಜಂಗಲ್ ಲಾಡ್ಜಸ್‌ನ ಜೀಪ್ ಚಾಲಕರು.

ಕಲಿತರೋ ಇಲ್ಲವೋ

"ಪ್ರಾಣಿಗಳೆಂದರೆ ಇಷ್ಟವೇ?" ಎಂಬ ಪ್ರಶ್ನೆ ಬೇಡ, ಎಲ್ಲರೂ ಹೌದೆನ್ನುತ್ತಾರೆ. ಮೊದಲ ತರಗತಿಗೆ ಮುಂಚೆ, ಕೊನೆಯದಾದ ಮೇಲೆ, ಮತ್ತೆ ಎರಡು ತಿಂಗಳು ಬಿಟ್ಟು ಅವೇ ಮೂರು ಪ್ರಶ್ನೆ ಸಾಕು. ರಾತ್ರಿ ಹೊಲಕ್ಕೆ ಆನೆ ಬಂದರೆ ಮೊದಲು ಮಾಡುವ ಮೂರು ಕೆಲಸ ಯಾವುವು? ಬೆಳಗ್ಗೆ ಮಾಡುವ ಮೂರು ಕೆಲಸ? ಕಾಡಿನಿಂದ ಸಂಬಳ ಪಡೆಯುವ ಎಷ್ಟು ಬಗೆಯ ಜನರನ್ನು ಹೆಸರಿಸಬಲ್ಲೆ, ಅದರ ಕೆಳಗೆ "ನಾನು ಆಗುವುದು" ಎಂಬಲ್ಲಿ ಏನು ಬರೆಯುವೆ? ಮೊದಲ ಸಲ "ಪಟಾಕಿ ಹೊಡೆಯೋದು, ಕಲ್ಲು ಹೊಡೆಯೋದು" ಎಂದವರು ಆಮೇಲೆ ಒಳಗೇ ಇರುವುದು, 1926ಕ್ಕೆ ಫೋನು ಮಾಡುವುದು, ಅಕ್ಕಪಕ್ಕದವರಿಗೆ ತಿಳಿಸುವುದು ಎಂದು ಬರೆದರೆ ಕಲಿಕೆ ಆಗಿದೆ. ಬೇಲಿಗೆ ನೇರ ಕರೆಂಟು ಕೊಡುವುದು ಎಂಬ ಉತ್ತರ ಒಂದೇ ಒಂದು ಉಳಿದಿದ್ದರೂ ಮತ್ತೆ ತರಗತಿ ತೆಗೆದುಕೊಳ್ಳಬೇಕು, ಅದು ಆನೆಯನ್ನಷ್ಟೇ ಅಲ್ಲ, ಮನೆಯವರನ್ನೂ ಕೊಲ್ಲುತ್ತದೆ. ಆನೆಯ ಮೇಲಿನ ಸಿಟ್ಟು ಉಳಿದಿದ್ದರೆ ಚಿಂತೆಯಿಲ್ಲ, ಅದಕ್ಕೆ ಕಾರಣವಿದೆ.

ಎರಡು ತಿಂಗಳ ನಂತರದ ಉತ್ತರಗಳಲ್ಲಿ ಹುಡುಗಿಯರದನ್ನು ಬೇರೆ ತೆಗೆದಿಟ್ಟು ಓದಬೇಕು. ಕೆಲಸದ ಹೆಸರು ಗೊತ್ತಿದ್ದೂ "ನಾನು ಆಗುವುದು" ಎಂಬಲ್ಲಿ ಖಾಲಿ ಬಿಟ್ಟಿದ್ದರೆ ಕೊರತೆ ಆಸೆಯದ್ದಲ್ಲದಿರಬಹುದು. ವಿಜ್ಞಾನ ಇರುವ ಪಿಯು ಕಾಲೇಜು ತಾಲ್ಲೂಕು ಕೇಂದ್ರದಲ್ಲಿ, ಕಾಡಂಚಿನ ಊರಿಗೆ ಸಂಜೆಯ ಕೊನೆ ಬಸ್ಸು ಕತ್ತಲಾಗುವ ಮುಂಚೆ. ಬಸ್ಸಿನ ವೇಳೆ ಮತ್ತು ತಾಲ್ಲೂಕಿನ ಬಾಲಕಿಯರ ಹಾಸ್ಟೆಲಿನ ಅರ್ಜಿ ತಾರೀಖನ್ನು ಏಣಿಯ ಚಿತ್ರದ ಕೆಳಗೇ ಬರೆದಿಟ್ಟು, ಎಂಟನೇ ತರಗತಿಗೆ ಹೋಗುವಾಗ ಆ ಹಾಳೆಯನ್ನು ಹೈಸ್ಕೂಲಿನ ವಿಜ್ಞಾನ ಶಿಕ್ಷಕರ ಕೈಗೆ ದಾಟಿಸುವುದು ಈ ಸರಣಿಯ ಕೊನೆಯ ಕೆಲಸ.